ಚೀಟಿಯಲ್ಲಿ ಬರೆದ ತೂಕ

ಸಿಂಧನೂರು ಭಾಗದ ಒಂದು ದಲಾಲಿ ಅಂಗಡಿಯಲ್ಲಿ ನಾನು 14 ವರ್ಷಗಳಿಂದ ಗುಮಾಸ್ತನಾಗಿದ್ದೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ಸುಗ್ಗಿಯಲ್ಲಿ ನಮ್ಮ ಅಂಗಡಿಯ ಮುಂದೆ ರಾಶಿ ಬೀಳುತ್ತದೆ. ಹಮಾಲರು ತೂಗಿ ಕೂಗಿದ ಲೆಕ್ಕವನ್ನು ಚೀಟಿಗೆ ಇಳಿಸುವುದು, ಸಂಜೆ ಅದನ್ನು ಕಿರ್ದಿಗೆ ಏರಿಸುವುದು ನನ್ನ ಕೆಲಸ.

ವಿಶ್ವಾಸಿಯಾದವನು ಇಹಲೋಕದ ನಡವಳಿಕೆಯಿಂದ ಬೇರೆಯಾಗಿರಬೇಕೆಂದು ಚಿಕ್ಕಂದಿನಿಂದ ಕ್ರೈಸ್ತ ಸಭೆಯಲ್ಲಿ ಕೇಳಿ ಬೆಳೆದವನು ನಾನು. ಕೆಲಸಕ್ಕೆ ಸೇರಿದ ಮೇಲೆ ಆ ಬೇರೆತನವನ್ನು ನನಗೆ ಸುಲಭವಾದ ಕಡೆಗಳಲ್ಲೆಲ್ಲ ಕಾಪಾಡಿಕೊಂಡೆ. ಕುಡಿಯಲಿಲ್ಲ, ಮಟ್ಕಾ ಆಡಲಿಲ್ಲ, ದೀಪಾವಳಿಯಲ್ಲಿ ಖಾತೆ ಪುಸ್ತಕಗಳಿಗೆ ಪೂಜೆ ಮಾಡುವಾಗ ವಿನಯದಿಂದಲೇ ಹೊರಗೆ ನಿಂತೆ. ಆದರೆ ಅದೇ ಪುಸ್ತಕದಲ್ಲಿ ನಾನು ಬರೆಯುತ್ತಿರುವುದೇನು ಎಂದು ಬಹಳ ವರ್ಷ ಕೇಳಿಕೊಳ್ಳಲಿಲ್ಲ.

ನಾನು ಬರೆಯುತ್ತಿದ್ದುದು ಸೂಟಿನ ಲೆಕ್ಕ. ಚೀಲದ ತೂಕ, ಧೂಳು, ತೇವ ಎಂದು ಹೆಸರು ಹೇಳಿ ಪ್ರತಿ ಚೀಲಕ್ಕೆ ಒಂದು ಕಿಲೋ ಕಳೆದು, ಉಳಿದುದನ್ನೇ ಪೂರ್ತಿ ತೂಕವೆಂಬಂತೆ ನಮೂದಿಸುತ್ತಿದ್ದೆ. ಖಾಲಿ ಪ್ಲಾಸ್ಟಿಕ್ ಚೀಲ ಕಾಲು ಕಿಲೋ ಕೂಡ ತೂಗುವುದಿಲ್ಲ. ನಮ್ಮಲ್ಲಿ ಭತ್ತದ ದರ ನಡೆಯುವುದು 75 ಕಿಲೋದ ಚೀಲಕ್ಕೆ. 120 ಚೀಲ ತಂದ ರೈತನಿಂದ ಹೀಗೆ ಒಂದೂವರೆ ಚೀಲಕ್ಕಿಂತ ಹೆಚ್ಚು ಭತ್ತ ಪೆನ್ನಿನ ಒಂದೇ ಗೀಟಿನಲ್ಲಿ ಹೋಗುತ್ತಿತ್ತು. ಇದನ್ನು ಯಾರೂ ಮೋಸವೆನ್ನುತ್ತಿರಲಿಲ್ಲ. ಪದ್ಧತಿ ಎನ್ನುತ್ತಿದ್ದರು, ನಾನೂ ಹಾಗೆಯೇ ಎನ್ನುತ್ತಿದ್ದೆ. 1966ರ ಕೃಷಿ ಮಾರುಕಟ್ಟೆ ಕಾಯ್ದೆಯ ಪ್ರಕಾರ ದಲಾಲಿ ಕೊಡಬೇಕಾದವನು ಖರೀದಿದಾರನೇ ಹೊರತು ರೈತನಲ್ಲ ಎಂದು ಗೊತ್ತಿದ್ದೂ, ಅಧಿಕೃತ ಲೆಕ್ಕಕ್ಕೆ ಸೇರದ ಬಿಳಿ ಚೀಟಿಯಲ್ಲಿ ಅದನ್ನು ರೈತನ ಲೆಕ್ಕದಿಂದಲೇ ಮುರಿದುಕೊಂಡದ್ದುಂಟು.

ಒಂದು ಸುಗ್ಗಿಯಲ್ಲಿ ವಯಸ್ಸಾದ ತಾಯಿಯೊಬ್ಬರು 40 ಚೀಲ ತಂದಿದ್ದರು. ಓದು ಬಾರದ ಅವರು ನಾನು ಕೊಟ್ಟ ಚೀಟಿಯನ್ನು ಯಾರಿಗೂ ತೋರಿಸದೆ ನಾಲ್ಕು ಮಡಿಕೆ ಮಾಡಿ ಎಲೆಯಡಿಕೆಯ ಸಂಚಿಯಲ್ಲಿಟ್ಟುಕೊಂಡು, "ನೀ ಯೇಸಪ್ಪನ ಸಭಿಗಿ ಹೋಗಾಂವ ಅಲ್ಲೇನಪ್ಪ, ನೀ ಬರದೀದಿ ಅಂದ್ರ ಸುಳ್ಳ ಇರಂಗಿಲ್ಲ ಬಿಡು" ಎಂದರು. ನನ್ನ ಬೇರೆತನವನ್ನು ನಂಬಿಯೇ ಅವರು 40 ಕಿಲೋ ಕಳೆದುಕೊಂಡಿದ್ದರು.

ಆ ರಾತ್ರಿ ಬೈಬಲಿನ ಯಾಜಕಕಾಂಡದ 19ನೆಯ ಅಧ್ಯಾಯವನ್ನು ತೆರೆದೆ. ದೇವರು ಪರಿಶುದ್ಧನಾಗಿರುವುದರಿಂದ ಆತನ ಜನರೂ ಪರಿಶುದ್ಧರಾಗಿರಬೇಕೆಂದು ಅದು ಆರಂಭವಾಗುತ್ತದೆ. ಅಲ್ಲಿರುವ ಹೀಬ್ರೂ ಪದ 'ಕಾದೋಶ್', ಬೇರೆಯಾಗಿ ಇಡಲ್ಪಟ್ಟದ್ದು ಎಂಬ ಭಾವದ್ದು. ನಾನು ಯಾವಾಗಲೂ ಆ ಎರಡನೆಯ ವಚನಕ್ಕೇ ನಿಂತುಬಿಡುತ್ತಿದ್ದೆ. ಮುಂದೆ ಓದಿದರೆ ಹೊಲದ ಅಂಚಿನ ಪೈರನ್ನು ಬಡವರಿಗೆ ಬಿಡುವ ಮಾತಿದೆ, ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದೆಂಬ ಮಾತಿದೆ, ಕೊನೆಗೆ 35 ಮತ್ತು 36ನೆಯ ವಚನಗಳಲ್ಲಿ ತಕ್ಕಡಿ, ತೂಕದ ಕಲ್ಲು ಮತ್ತು ಅಳತೆ ನ್ಯಾಯವಾಗಿರಬೇಕೆಂಬ ಆಜ್ಞೆ ಇದೆ. ಧರ್ಮೋಪದೇಶಕಾಂಡದ 25ನೆಯ ಅಧ್ಯಾಯ ಚೀಲದಲ್ಲಿ ಹೆಚ್ಚುಕಡಿಮೆಯ ಎರಡು ಕಲ್ಲುಗಳಿರಬಾರದು ಎನ್ನುತ್ತದೆ. ನನ್ನ ಮೇಜಿನ ಮೇಲೆ ಎರಡು ಬಗೆಯ ಚೀಟಿಗಳಿದ್ದವು.

ಕೆಲಸ ಬಿಡಬೇಕೆನಿಸಿತ್ತು. ಆದರೆ ಶಿಷ್ಯರನ್ನು ಲೋಕದಿಂದ ತೆಗೆದುಕೊಂಡು ಹೋಗೆಂದು ಯೇಸು ಬೇಡಲಿಲ್ಲ, ಕೆಡುಕಿನಿಂದ ಕಾಪಾಡೆಂದು ಬೇಡಿದರು ಎಂದು ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿದೆ. ಹಾಗಾಗಿ ಸಾಹುಕಾರರ ಬಳಿ ಹೋಗಿ, ಕಡಿತ ಎಷ್ಟೇ ಇರಲಿ, ಅದನ್ನು ರೈತನಿಗೆ ಹೇಳಿ ಚೀಟಿಯಲ್ಲೇ ಬರೆಯುತ್ತೇನೆ, ಇಲ್ಲವಾದರೆ ಬರೆಯುವುದಿಲ್ಲ ಎಂದೆ. ಅವರು ಬೈಯಲಿಲ್ಲ, ಆ ಸುಗ್ಗಿ ಮುಗಿಯುವವರೆಗೆ ತೂಕದ ಚೀಟಿಯನ್ನು ಬೇರೆಯವನ ಕೈಗೆ ಕೊಟ್ಟರು. ಮುಂದಿನ ಸುಗ್ಗಿಗೆ ರೈತರೇ ನನ್ನನ್ನು ಕೇಳಿದ್ದರಿಂದ ಚೀಟಿ ನನಗೆ ಮರಳಿತು, ಕಡಿತಕ್ಕೆ ಬೇರೆ ಕಾಲಂ ಬಂತು, ಕಡಿತವೂ ಇಳಿಯಿತು. ಇದರಿಂದ ನಾನು ಇತರರಿಗಿಂತ ಮೇಲಾದೆನೆಂದು ಹೇಳಲಾರೆ. ಯಾವ ಸಭೆಗೂ ಹೋಗದ ನಮ್ಮ ಹಿರಿಯ ಹಮಾಲರೊಬ್ಬರು ನನಗಿಂತ ಬಹಳ ಮೊದಲೇ ಸುಳ್ಳು ತೂಕ ಕೂಗಲು ಒಪ್ಪದವರು.

ಮತ್ತೊಂದು ಕೆಲಸ ಉಳಿದಿತ್ತು. ಸುವಾರ್ತೆಯಲ್ಲಿ ಬರುವ ಸುಂಕದವನಾದ ಜಕ್ಕಾಯನು ತಾನು ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟಾಗಿ ಹಿಂದಕ್ಕೆ ಕೊಡುತ್ತೇನೆಂದ. ನನ್ನ ಸಂಬಳದಲ್ಲಿ ಅಷ್ಟಾಗಲಿಲ್ಲ. 40 ಕಿಲೋ ಭತ್ತದ ಹಣ ಹಿಡಿದು ಆ ತಾಯಿಯ ಊರಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಬಹಳ ಹೊತ್ತು ನನ್ನನ್ನು ನೋಡಿ, ಹಣ ಎಣಿಸಿ ಸಂಚಿಗೆ ಹಾಕಿಕೊಂಡು, "ಹೋದ ವರ್ಷದ್ದು ಏನಪ್ಪ?" ಎಂದು ಕೇಳಿದರು. ಮರುದಿನ ಅಂಗಡಿಯಲ್ಲಿ ಹಳೆಯ ಕಿರ್ದಿಗಳ ಗಂಟು ಬಿಚ್ಚಿ ಅವರ ಹೆಸರು ಹುಡುಕಲು ಕುಳಿತೆ.