ನೀಲಿ ಬೆಳಕಿದೆ, ಚಟಪಟ ಇಲ್ಲ

ಅಕ್ಕ-ಭಾವ ಸಕಲೇಶಪುರದಲ್ಲಿ ಬೇಕರಿ ನಡೆಸುತ್ತಾರೆ. ಜುಲೈನ ಜಡಿಮಳೆಯಲ್ಲಿ ನೆನೆದುಕೊಂಡು ಅಲ್ಲಿಗೆ ಹೋದರೆ, ಭಾವ ಟವೆಲ್ ಕೊಡುತ್ತಲೇ ಗೋಡೆಯ ಕಡೆ ಕೈ ತೋರಿಸಿದರು. "ಈ ನೊಣದ ಮಷೀನ್ ಸ್ವಲ್ಪ ನೋಡಮ್ಮ. ಲೈಟೇನೋ ಚೆನ್ನಾಗೇ ಉರಿಯುತ್ತೆ, ಒಂದು ನೊಣಾನೂ ಸಾಯ್ತಿಲ್ಲ." ರಿಪೇರಿಯವರೊಬ್ಬರು ಆಗಲೇ ಬಂದು, ಟ್ಯೂಬ್ ಉರಿಯುತ್ತಿದೆಯಲ್ಲ, ಮಷೀನ್ ಸರಿಯಾಗಿಯೇ ಇದೆ ಎಂದು ಹೇಳಿ ಹೋಗಿದ್ದರಂತೆ. ಹೊಸದು ತಗೊಳ್ಳಿ ಎಂಬ ಸಲಹೆ ಬೇರೆ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಮನೆಯ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಯುಪಿಎಸ್ಸುಗಳನ್ನೆಲ್ಲ ಬಿಚ್ಚಿ ಕೂರುವ ಅಭ್ಯಾಸ ಅಕ್ಕನ ಮನೆಯವರಿಗೆಲ್ಲ ಗೊತ್ತು. ಆದರೆ ಇದನ್ನು ಕೈಗೆತ್ತಿಕೊಂಡದ್ದು ಬರೀ ಹುಮ್ಮಸ್ಸಿಗಲ್ಲ. ನೊಣಕ್ಕೆ ಅಗಿಯುವ ಬಾಯಿಲ್ಲ. ಸಕ್ಕರೆಯ ಮೇಲೆ ಕೂತರೆ ಮೊದಲು ತನ್ನ ಎಂಜಲು ಉಗುಳಿ, ಅದು ಕರಗಿದ ಮೇಲೆ ಹೀರುತ್ತದೆ. ಸ್ವಲ್ಪ ಹೊತ್ತಿನ ಹಿಂದೆ ಅದೇ ಕಾಲು ಹಿತ್ತಿಲ ಚರಂಡಿಯಲ್ಲಿತ್ತು. ದಿಲ್‌ಪಸಂದ್ ಕೈಯಲ್ಲಿ ಹಿಡಿದು ನಿಂತ ಶಾಲೆಯ ಮಕ್ಕಳನ್ನು ನೋಡುತ್ತಾ ಇದನ್ನು ಮರೆಯಲು ನನ್ನಿಂದಾಗುವುದಿಲ್ಲ. ಬೇಕರಿಯಲ್ಲಿ ಈ ಪೆಟ್ಟಿಗೆ ಓವನ್ನಿನಷ್ಟೇ ಮುಖ್ಯ ಎಂದು ನಂಬಿದವಳು ನಾನು.

ಅದರೊಳಗಿರುವುದು ಎರಡು ಬೇರೆ ಬೇರೆ ಕೆಲಸಗಳು. ಚೋಕು, ಸ್ಟಾರ್ಟರುಗಳ ಮೂಲಕ ಎರಡು ಟ್ಯೂಬು ಉರಿಯುತ್ತವೆ. ಅವು ನೊಣವನ್ನು ಕರೆಯುವುದಕ್ಕೆ. ಕೊಲ್ಲುವುದು ಟ್ಯೂಬಿನ ಮುಂದಿರುವ ಸರಳುಗಳು. ಒಂದು ಬಿಟ್ಟು ಒಂದು ಸರಳನ್ನು ಸೇರಿಸಿ ಎರಡು ಗುಂಪು ಮಾಡಿ, ಪುಟ್ಟ ಟ್ರಾನ್ಸ್‌ಫಾರ್ಮರಿನಿಂದ ಅವುಗಳ ನಡುವೆ ಭಾರೀ ವೋಲ್ಟೇಜ್ ಕೊಟ್ಟಿರುತ್ತಾರೆ. ಈ ಪೆಟ್ಟಿಗೆಯ ಲೇಬಲ್ಲಿನಲ್ಲಿ 2000 ವೋಲ್ಟ್ ಎಂದಿತ್ತು. ನೊಣ ಎರಡು ಸರಳುಗಳ ನಡುವೆ ಬಂದರೆ ಕಿಡಿ ಹಾರುತ್ತದೆ. ಅಂದಮೇಲೆ ಟ್ಯೂಬ್ ಉರಿಯುವುದಕ್ಕೂ ಸರಳಿಗೆ ಕರೆಂಟ್ ಇರುವುದಕ್ಕೂ ಸಂಬಂಧವೇ ಇಲ್ಲ. ರಿಪೇರಿಯವರು ನೋಡಿದ್ದು ಮೊದಲ ಅರ್ಧವನ್ನು ಮಾತ್ರ.

ಹೊರಮೈಗೆ ಕೈಯಿಟ್ಟರೆ ಟ್ರಾನ್ಸ್‌ಫಾರ್ಮರ್ ಇರುವ ಕಡೆ ಚೆನ್ನಾಗಿ ಬಿಸಿ, ಕಿವಿಯಿಟ್ಟರೆ ಗುಂಯ್ ಎನ್ನುವ ಸದ್ದು. ಟ್ರಾನ್ಸ್‌ಫಾರ್ಮರಿನ ವೈಂಡಿಂಗ್, ಅಂದರೆ ಒಳಗೆ ಸುತ್ತಿದ ತಂತಿ, ಕಡಿದಿದ್ದರೆ ಹೀಗೆ ಬಿಸಿಯಾಗುತ್ತಿರಲಿಲ್ಲ. ಅದು ದುಡಿಯುತ್ತಿದೆ, ದುಡಿದದ್ದೆಲ್ಲ ಎಲ್ಲೋ ಸೋರಿಹೋಗುತ್ತಿದೆ ಅನ್ನಿಸಿತು. ಈ ಟ್ರಾನ್ಸ್‌ಫಾರ್ಮರುಗಳು ಕೆಲವೇ ಮಿಲಿಆಂಪ್ ಕೊಡುವಂಥವು. ಸಣ್ಣದೊಂದು ಸೋರಿಕೆಯಾದರೂ ವೋಲ್ಟೇಜ್ ಕುಸಿದು, ನೊಣ ಬಂದು ಕೂತರೂ ಕಿಡಿ ಹಾರುವುದಿಲ್ಲ.

ಸೋರಿಕೆ ಎಲ್ಲಿ ಎಂದು ಹುಡುಕಲು ರಾತ್ರಿ ಷಟರ್ ಎಳೆಯುವವರೆಗೂ ಕಾದೆ. "ಭಾವ, ಮೊದಲು ಪ್ಲಗ್ ತೆಗೀರಿ" ಎಂದು ಹೇಳಿ, ಎರಡೂ ಟ್ಯೂಬುಗಳನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ಮುಂದಿನ ರಕ್ಷಣೆಯ ಜಾಲರಿಯನ್ನು ಮತ್ತೆ ಮುಚ್ಚಿ ಪ್ಲಗ್ ಹಾಕಿಸಿ, ಅಂಗಡಿಯ ಲೈಟೆಲ್ಲ ಆರಿಸಿದೆವು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಎಡಗಡೆಯ ಕೆಳಮೂಲೆಯಲ್ಲಿ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ ಮಿಣಮಿಣ ಅನ್ನುತ್ತಿರುವುದು ಕಂಡಿತು. ಟ್ಯೂಬಿನ ಬೆಳಕಿದ್ದಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇನ್ನು ಬಿಚ್ಚುವ ಕೆಲಸ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಇಂಥ ಕೆಲವು ಮಷೀನುಗಳಲ್ಲಿ ಕೆಪ್ಯಾಸಿಟರ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ. ಒಳಗೆ ಏನಿದೆಯೆಂದು ಗೊತ್ತಿಲ್ಲದಿರುವಾಗ ಇದೆಯೆಂದೇ ತಿಳಿದು ನಡೆಯುವುದು ಕ್ಷೇಮ. ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು, ಉದ್ದನೆಯ ಇನ್ಸುಲೇಶನ್ ಹಿಡಿಯ ಸ್ಕ್ರೂಡ್ರೈವರಿನಿಂದ ಅಕ್ಕಪಕ್ಕದ ಎರಡು ಸರಳುಗಳನ್ನು ಒಟ್ಟಿಗೆ ಮುಟ್ಟಿಸಿದ ಮೇಲೆಯೇ ಕೈ ಹಾಕಿದ್ದು. ಮನೆಯ ಮಲ್ಟಿಮೀಟರಿನಿಂದ ಆ 2000 ವೋಲ್ಟನ್ನು ಅಳೆಯಲು ಹೋಗಲೇಬಾರದು. ಅದರ ಮಿತಿ 600, ಹೆಚ್ಚೆಂದರೆ 1000 ವೋಲ್ಟ್.

ಟ್ರಾನ್ಸ್‌ಫಾರ್ಮರಿನಿಂದ ಸರಳುಗಳಿಗೆ ಹೋಗುವ ಒಂದು ವೈರನ್ನು ಕಳಚಿದೆ. ಹಾಗೆ ಮಾಡದಿದ್ದರೆ ಮೀಟರ್ ವೈಂಡಿಂಗಿನ ಓಮ್ ತೋರಿಸಿ ದಾರಿ ತಪ್ಪಿಸುತ್ತದೆ. ಕಳಚಿದ ಮೇಲೆ ಎರಡು ಗುಂಪಿನ ಸರಳುಗಳ ನಡುವೆ ಯಾವ ಸಂಪರ್ಕವೂ ಇರಬಾರದು. ಇಲ್ಲಿ ಮೀಟರ್ ಒಂದು ಅಂಕಿ ತೋರಿಸುತ್ತಿತ್ತು! ಹಳೆಯ ಟೂತ್ ಬ್ರಷ್ಷಿನಿಂದ ಒಣಗಿದ ರೆಕ್ಕೆ, ಕಾಲು, ಜಿಡ್ಡು ಎಲ್ಲ ಉಜ್ಜಿ ತೆಗೆದು ಸ್ಪಿರಿಟ್‌ನಲ್ಲಿ ಒರೆಸಿದೆ. ಅಂಕಿ ಹೋಗಲಿಲ್ಲ. ಸರಳುಗಳ ತುದಿಯನ್ನು ಹಿಡಿದಿಟ್ಟಿದ್ದ, ಕರೆಂಟ್ ಹರಿಯಗೊಡದ ಬೇಕೆಲೈಟ್ ಪಟ್ಟಿಯ ಮೇಲೆ ಎರಡು ತೂತುಗಳ ನಡುವೆ ಕಪ್ಪು ಗೆರೆಯೊಂದು ಸುಟ್ಟು ಕೂತಿತ್ತು. ಕತ್ತಲೆಯಲ್ಲಿ ಕೆಂಪಗೆ ಕಂಡದ್ದು ಅದೇ.

ಕಾರಣ ಬೇಕರಿಯ ಗಾಳಿಯಲ್ಲೇ ಇದೆ. ಹಾರುವ ಮೈದಾ, ಎಣ್ಣೆಯ ಆವಿ ಎರಡೂ ಸೇರಿ ಪಟ್ಟಿಯ ಮೇಲೆ ಪದರ ಕಟ್ಟುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಆ ಪದರ ಥಂಡಿ ಹೀರಿಕೊಳ್ಳುತ್ತದೆ, ಅದರ ಮೇಲೆ ಚೂರುಚೂರೇ ಕರೆಂಟ್ ಹರಿಯುತ್ತದೆ. ಹರಿದ ಜಾಗ ಸುಟ್ಟು ಇಂಗಾಲವಾಗುತ್ತದೆ, ಇಂಗಾಲ ಇನ್ನಷ್ಟು ಕರೆಂಟಿಗೆ ದಾರಿ ಕೊಡುತ್ತದೆ. ಒಮ್ಮೆ ಹೀಗೆ ಸುಟ್ಟ ಪಟ್ಟಿಯನ್ನು ಎಷ್ಟು ಒರೆಸಿದರೂ ಪ್ರಯೋಜನವಿಲ್ಲ. ಮಾರನೆಯ ದಿನ ಎಲೆಕ್ಟ್ರಿಕಲ್ ಅಂಗಡಿಯಿಂದ ಹೈಲಂ ಶೀಟಿನ ತುಂಡು ತಂದು ಅಳತೆಗೆ ಕೊಯ್ದು ತೂತು ಹಾಕಿದೆವು. ಹೈಲಂ ಕೂಡ ಬೇಕೆಲೈಟ್ ಜಾತಿಯದೇ, ಇದೂ ಥಂಡಿ ಹೀರಿ ಹಾಗೇ ಸುಡಬಾರದೆಂದು ಪಂಪ್‌ಸೆಟ್ ಮೋಟಾರ್ ಕಟ್ಟುವ ಅಂಗಡಿಯವರಲ್ಲಿ ವೈಂಡಿಂಗ್ ವಾರ್ನಿಷ್ ಕೇಳಿ ತಂದು ಎರಡೂ ಬದಿಗೆ ಬಳಿದು ಒಣಗಿಸಿದೆ. ಅವರು ದುಡ್ಡು ತೆಗೆದುಕೊಳ್ಳಲಿಲ್ಲ. ಸಣ್ಣ ಊರಿನ ಇಂಥ ಅಂಗಡಿಗಳು ಉಳಿಯಬೇಕು ಎಂದು ಆಸೆಪಡುವುದು ಇದಕ್ಕೇ.

ಸಂಜೆ ಪ್ಲಗ್ ಹಾಕಿದಾಗ ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟ್ ಎಂದಿತು. ಮಳೆಹುಳವೊಂದು ಬಿದ್ದಿತ್ತು. ಭಾವನ ಮುಖ ಅರಳಿತು. ಆದರೆ ಮರುದಿನ ಹಗಲೆಲ್ಲ ಶೋಕೇಸಿನ ಸುತ್ತ ನೊಣ ಹಾಗೇ ಓಡಾಡುತ್ತಿದ್ದವು. ಸರಳಿಗೆ ಕರೆಂಟ್ ಬಂದಿತ್ತು, ನೊಣವೇ ಅತ್ತ ಸುಳಿಯುತ್ತಿರಲಿಲ್ಲ.

"ಟ್ಯೂಬ್ ಯಾವಾಗ ಹಾಕಿಸಿದ್ದು ಭಾವ?"

"ಅದಕ್ಕೇನಾಗಿದೆ? ತಗೊಂಡಾಗ ಬಂದಿದ್ದೇ ಇನ್ನೂ ಉರೀತಿದೆಯಲ್ಲ!"

ನೊಣವನ್ನು ಸೆಳೆಯುವುದು ನಮ್ಮ ಕಣ್ಣಿಗೆ ಕಾಣುವ ನೀಲಿಯಲ್ಲ, ಕಾಣದ ನೇರಳಾತೀತ ಕಿರಣ, ಸುಮಾರು 365 ನ್ಯಾನೋಮೀಟರಿನದು. ಟ್ಯೂಬಿನ ಒಳಮೈಯ ಫಾಸ್ಫರ್ ಹಳತಾದಂತೆ ಆ ಕಿರಣ ಸೊರಗುತ್ತದೆ, ನೀಲಿ ಬೆಳಕು ಮಾತ್ರ ಮೊದಲಿನಂತೆಯೇ ಕಾಣುತ್ತಿರುತ್ತದೆ. ಸಾಮಾನ್ಯವಾಗಿ ಇದರ ಬಾಳಿಕೆ 8000 ಗಂಟೆ ಎನ್ನುತ್ತಾರೆ. ಹಗಲೂ ರಾತ್ರಿ ಉರಿಸಿದರೆ ಒಂದು ವರ್ಷವೂ ಪೂರ್ತಿಯಾಗುವುದಿಲ್ಲ. ಹಾಸನದ ಅಂಗಡಿಯೊಂದರಲ್ಲಿ ಹೊಸ ಟ್ಯೂಬ್ ಕೇಳಿದಾಗ ಮೊದಲು ತೆಗೆದುಕೊಟ್ಟದ್ದು ಪಾರದರ್ಶಕ ಗಾಜಿನದು. ಅದು ನೀರು ಶುದ್ಧ ಮಾಡಲು ಬಳಸುವ 254 ನ್ಯಾನೋಮೀಟರಿನ ಟ್ಯೂಬು. ಬರಿಗಣ್ಣಿಗೂ ಚರ್ಮಕ್ಕೂ ಅಪಾಯ, ಜನ ನಿಲ್ಲುವ ಜಾಗದಲ್ಲಿ ಅದನ್ನು ಹಾಕಲೇಬಾರದು. ನಮಗೆ ಬೇಕಿದ್ದದ್ದು ಬಿಳಿ ಲೇಪನದ ಎಫ್15ಟಿ8 ಬಿಎಲ್, ಹದಿನೆಂಟು ಅಂಗುಲದ್ದು. ಹಳೆಯ ಟ್ಯೂಬಿನ ಮೇಲಿನ ಅಕ್ಷರಗಳನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡದ್ದು ಉಪಯೋಗಕ್ಕೆ ಬಂತು. ಹಾಕುವ ಮೊದಲು ಟ್ಯೂಬಿನ ತುದಿಯಲ್ಲಿ ಮಾರ್ಕರಿನಿಂದ ತಿಂಗಳು, ವರ್ಷ ಬರೆದೆ.

ಜಾಗವನ್ನೂ ಬದಲಿಸಿದೆವು. ಇಷ್ಟು ದಿನ ಅದು ಬೀದಿಗೆ ಕಾಣುವಂತೆ ಕೇಕ್ ಕೌಂಟರಿನ ನೆತ್ತಿಯ ಮೇಲೆ ತೂಗುತ್ತಿತ್ತು. ಅಲ್ಲಿದ್ದರೆ ಹೊರಗಿನ ನೊಣವನ್ನೂ ಒಳಗೆ ಕರೆಯುತ್ತದೆ. ಸಿಡಿದು ಸತ್ತ ನೊಣದ ಚೂರುಗಳು ಸಣ್ಣ ಧೂಳಾಗಿ ಸುತ್ತ ಹಾರುತ್ತವೆ, ಆಹಾರದ ಮೇಲೆ ಇದನ್ನು ನೇತುಹಾಕುವುದು ನನ್ನ ಪ್ರಕಾರ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಈಗ ಅದು ಗೋಡೌನಿಗೆ ಹೋಗುವ ಒಳದಾರಿಯಲ್ಲಿದೆ. ಕೆಲಸದ ಹುಡುಗರು ರಾತ್ರಿ ಮಲಗುವ ಕೋಣೆಗೆ ಇದನ್ನು ಕೊಟ್ಟರೆ ಸೊಳ್ಳೆಯೂ ಹೋಗುತ್ತದಾ ಎಂದು ಅಕ್ಕ ಕೇಳಿದಳು. ಸೊಳ್ಳೆ ಹುಡುಕಿ ಬರುವುದು ನಮ್ಮ ಉಸಿರನ್ನು, ಮೈಯ ಬಿಸಿಯನ್ನು, ವಾಸನೆಯನ್ನು. ಅಮೆರಿಕದ ಡೆಲವೇರ್‌ನಲ್ಲಿ ಮನೆಯಂಗಳದ ಇಂಥ ದೀಪಗಳಿಗೆ ಬಿದ್ದ 13,789 ಕೀಟಗಳನ್ನು ಎಣಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಚ್ಚುವ ಜಾತಿಯವು ಬರೀ 31. ಹುಡುಗರಿಗೆ ಸೊಳ್ಳೆಪರದೆ ತರಿಸು ಅಂದೆ, ತರಿಸಿದಳು.

ವಾರ ಕಳೆದ ಮೇಲೆ ಅಕ್ಕ ಕೆಳಗಿನ ಟ್ರೇಯ ಫೋಟೋ ಕಳಿಸಿದಳು. ತುಂಬಿತ್ತು. ಹಿಗ್ಗಿಸಿ ನೋಡಿದರೆ ದೊಡ್ಡ ನೊಣಕ್ಕಿಂತ ಹಣ್ಣಿನ ಮೇಲೆ ಮುತ್ತುವ ಚಿಕ್ಕ ನೊಣಗಳೇ ಹೆಚ್ಚು. ಅವು ಹುಟ್ಟುವುದು ಕೊಳೆತು ಹುಳಿಯಾದ ಹಣ್ಣಿನಲ್ಲಿ. ಫೋನ್ ಮಾಡಿ ಜ್ಯೂಸ್ ಕೌಂಟರಿನ ಸಿಪ್ಪೆ ಎಲ್ಲಿ ಹಾಕುತ್ತೀರಿ ಎಂದು ಕೇಳಿದೆ. ಹಿಂಬಾಗಿಲ ಪಕ್ಕದ ಡ್ರಮ್ಮಿಗೆ, ಅದು ತುಂಬಿದ ಮೇಲೆ ಖಾಲಿ ಮಾಡುವುದು ಎಂದರು ಭಾವ. ಆ ಡ್ರಮ್ಮಿಗೆ ಈಗ ಬಿಗಿಯಾದ ಮುಚ್ಚಳ ಬಂದಿದೆ, ದಿನಾ ರಾತ್ರಿ ಖಾಲಿಯಾಗುತ್ತಿದೆ.