ಚಾರಣಕ್ಕೆ ಯೂನಿಫಾರ್ಮ್ ಹಾಕಬೇಕಾ? ಎರಡು ದಿನದ ಕ್ಯಾಂಪ್‌ನಲ್ಲಿ ನಾವು ಕಲಿತದ್ದು

ನಮ್ಮ ಸ್ಕೌಟ್ ದಳದ 22 ಮಕ್ಕಳ ಜೊತೆ ಎರಡು ದಿನದ ಬೆಟ್ಟದ ಚಾರಣ ಮುಗಿಸಿ ಬಂದೆವು. ಈ ಸಲ ಯಾವಾಗ ಯೂನಿಫಾರ್ಮ್, ಯಾವಾಗ ಬೇರೆ ಬಟ್ಟೆ ಅಂತ ಹೊರಡುವ ಮೊದಲೇ ಬರೆದಿಟ್ಟಿದ್ದೆವು. ಅದಕ್ಕೆ ಕಾರಣ ಹಿಂದಿನ ಸಲದ ಅನುಭವ.

ಆಗ ಎರಡೂ ದಿನ ಪೂರ್ತಿ ಯೂನಿಫಾರ್ಮ್‌ನಲ್ಲೇ ಇರಬೇಕು ಅಂತ ನಾನೇ ಹೇಳಿದ್ದೆ. ಮಧ್ಯಾಹ್ನ ಮಳೆ ಹಿಡಿಯಿತು. ಒಬ್ಬ ಹುಡುಗ ಕಾಲು ಅಗಲಿಸಿಕೊಂಡು ನಡೆಯುತ್ತಿದ್ದ. ಕೇಳಿದರೆ, "ಸರ್, ತೊಡೆ ಉರೀತಿದೆ" ಅಂದ. ದಪ್ಪ ಕಾಟನ್ ಪ್ಯಾಂಟ್ ನೆನೆದು ಭಾರವಾಗಿ, ಉಜ್ಜಿ ಉಜ್ಜಿ ಚರ್ಮ ಕೆಂಪಾಗಿತ್ತು. ಸೊಂಟದ ಮೇಲೆ ಬೆಲ್ಟ್ ಬಕಲ್‌ನ ಅಚ್ಚು ಬಿದ್ದಿತ್ತು, ಬ್ಯಾಗಿನ ಪಟ್ಟಿ ಅದರ ಮೇಲೇ ಬಿಗಿದಿತ್ತಲ್ಲ. ಮಳೆ ನಿಂತ ಮೇಲೂ ಅಂಗಿ ಒಣಗಲಿಲ್ಲ. ಗಾಳಿ ಬೀಸಿದಾಗಲೆಲ್ಲ ಮಗು ನಡುಗುತ್ತಿತ್ತು. ಕಾಟನ್ ನೀರು ಹೀರಿಕೊಂಡರೆ ಬೇಗ ಬಿಡುವುದಿಲ್ಲ, ಮೈಯ ಶಾಖವನ್ನೂ ಎಳೆದುಕೊಳ್ಳುತ್ತದೆ. ನನಗದು ಗೊತ್ತಿತ್ತು. ಗೊತ್ತಿದ್ದೂ ಶಿಸ್ತು ಅಂತ ಹಟ ಮಾಡಿದೆ. ಆ ಬೇಸರ ಇನ್ನೂ ಹೋಗಿಲ್ಲ.

ಹಾಗಂತ ಯೂನಿಫಾರ್ಮ್ ಮನೆಯಲ್ಲೇ ಬಿಟ್ಟು ಹೋಗಿ ಅಂತ ಹೇಳುತ್ತಿಲ್ಲ. ಪ್ರಯಾಣದ ಹೊತ್ತಿಗೆ ಅದು ಬೇಕೇ ಬೇಕು. ಈ ಸಲ ರೈಲು ಬದಲಿಸುವಾಗ ಜನಜಂಗುಳಿ. ತಲೆ ಎಣಿಸಿದರೆ 21. ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಯಾರೋ ಹಿರಿಯರು ಕೈ ಬೀಸಿ ಕರೆದು, "ನಿಮ್ಮ ಹುಡುಗಿ ಆ ಕಂಬದ ಹತ್ತಿರ ನಿಂತಿದ್ದಾಳೆ" ಅಂದರು. ಅವಳು ನಮ್ಮವಳು ಅಂತ ಅವರಿಗೆ ಹೇಳಿದ್ದು ಕೊರಳಿನ ಸ್ಕಾರ್ಫ್. ಒಂದು ಎಚ್ಚರ: ಅಂಗಿಯ ಮೇಲೆ ಹೆಸರಿನ ಪಟ್ಟಿ ಇದ್ದರೆ ಪ್ರಯಾಣದಲ್ಲಿ ತೆಗೆದಿಡಿ. ಗುರುತಿಲ್ಲದವರು ಹೆಸರು ಹಿಡಿದು ಕರೆದರೆ ಮಕ್ಕಳು ಬೇಗ ನಂಬುತ್ತಾರೆ.

ಚಾರಣ ಶುರುವಾಗುವ ಜಾಗದಲ್ಲಿ ಬಟ್ಟೆ ಬದಲಿಸಿದೆವು. ಅಲ್ಲಿ ಮುಚ್ಚಿದ ಕೋಣೆ ಇದೆಯಾ ಅಂತ ಮೊದಲೇ ವಿಚಾರಿಸಿ. ಹೆಣ್ಣುಮಕ್ಕಳಿರುವ ತಂಡಕ್ಕೆ ಇದು ಸಣ್ಣ ವಿಷಯ ಅಲ್ಲ. ಇಲ್ಲದಿದ್ದರೆ ಎರಡು ಬೆಡ್‌ಶೀಟ್, ಒಂದು ಹಗ್ಗ ಒಯ್ಯಿರಿ, ಮರೆ ಕಟ್ಟಬಹುದು. ಯೂನಿಫಾರ್ಮ್ ಮಡಚಿ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಹಾಕಿಸಿದೆವು. ನಡೆಯಲು ಬೇಗ ಒಣಗುವ, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್. ಕಿತ್ತಳೆ ಆರಿಸಿದ್ದೆವು. ಹಸಿರು, ಖಾಕಿ ಕಾಡಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಯೂನಿಫಾರ್ಮ್ ಜೊತೆಗಿನ ಅಂಚಿಲ್ಲದ ಚಪ್ಪಟೆ ಟೋಪಿಯನ್ನೂ (ಬೆರೆ) ಒಳಗಿಡಿ. ಅದು ಕಣ್ಣಿಗೂ ಕಿವಿಗೂ ನೆರಳು ಕೊಡುವುದಿಲ್ಲ. ಅಗಲ ಅಂಚಿನ ಟೋಪಿಯೇ ಸರಿ.

ಸ್ಕಾರ್ಫ್ ಮಾತ್ರ ಎಲ್ಲರ ಬಳಿಯೂ ಇರಲಿ, ಆದರೆ ನಡೆಯುವಾಗ ಜೇಬಿನಲ್ಲಿ. ಇಳಿಜಾರಿನಲ್ಲಿ ಒಬ್ಬನ ಮಣಿಕಟ್ಟು ಉಳುಕಿದಾಗ ತ್ರಿಕೋನದ ಆ ಬಟ್ಟೆಯೇ ಕೈಗೆ ಜೋಲಿಯಾಯಿತು. ಕಟ್ಟಿದ್ದು ಅವನ ಪ್ಯಾಟ್ರೋಲ್‌ನ, ಅಂದರೆ ದಳದೊಳಗಿನ ಸಣ್ಣ ಗುಂಪಿನ, ಲೀಡರ್, 13 ವರ್ಷದ ಹುಡುಗಿ. ನಾನು ಗಂಟು ಸರಿಯಿದೆಯಾ ಅಂತ ನೋಡಿದೆ ಅಷ್ಟೇ. ಆದರೆ ಹಗ್ಗ ಹಿಡಿದು ಹತ್ತುವಾಗ, ಸ್ಟವ್ ಹಚ್ಚುವಾಗ, ನೀರಿಗಿಳಿಯುವಾಗ ಕೊರಳಲ್ಲಿ ಸ್ಕಾರ್ಫ್ ಇರಲೇಬಾರದು. ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ.

ಯೂನಿಫಾರ್ಮ್ ಇಲ್ಲದಿದ್ದರೆ ಸ್ಕೌಟ್ ಅನ್ನಿಸುವುದೇ ಇಲ್ಲ ಅನ್ನುವವರಿಗೆ ಒಂದು ಮಾತು ನೆನಪಿಸಬೇಕು. 1907ರಲ್ಲಿ ಸ್ಕೌಟ್ ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರ ಜೊತೆ ಮೊದಲ ಕ್ಯಾಂಪ್ ಮಾಡಿದಾಗ ಇವತ್ತಿನಂಥ ಪೂರ್ತಿ ಯೂನಿಫಾರ್ಮ್ ಇರಲಿಲ್ಲ. ಯಾರು ಯಾವ ಪ್ಯಾಟ್ರೋಲ್ ಅಂತ ತಿಳಿಯಲು ಭುಜದ ಮೇಲೆ ಬಣ್ಣದ ಗಂಟು ಇತ್ತು.

ಸಂಜೆ ಕ್ಯಾಂಪ್‌ಫೈರ್‌ಗೆ ಮತ್ತೆ ಯೂನಿಫಾರ್ಮ್ ಹಾಕಿಸಿದೆವು. ಚಂದ ಕಾಣಲಿ ಅಂತ ಮಾತ್ರ ಅಲ್ಲ. ಬೇಗ ಒಣಗುವ ಪಾಲಿಯೆಸ್ಟರ್ ಬಟ್ಟೆಗೆ ಬೆಂಕಿ ಕಂಡರೆ ಆಗದು. ಕಿಡಿ ಬಿದ್ದ ಕಡೆ ಕರಗಿ ಚರ್ಮಕ್ಕೆ ಅಂಟಬಹುದು. ಕಾಟನ್ ಹಾಗೆ ಕರಗುವುದಿಲ್ಲ, ಆದರೆ ಅದಕ್ಕೂ ಬೆಂಕಿ ಹತ್ತುತ್ತದೆ. ಹಾಗಾಗಿ ಯಾವ ಬಟ್ಟೆಯಿದ್ದರೂ ದೂರ ಕೂರಿಸಿ. ಹಗಲೆಲ್ಲ ನಡೆದು ಸುಸ್ತಾದ ಮಕ್ಕಳು ಒಣಗಿದ ಅಂಗಿ ತೊಟ್ಟು, ಸ್ಕಾರ್ಫ್ ಹಿಡಿದಿಡುವ ಉಂಗುರ (ವಾಗಲ್) ಸರಿಮಾಡಿಕೊಂಡು ವೃತ್ತದಲ್ಲಿ ಕೂತಾಗ ಅವರ ಕುಳಿತ ಭಂಗಿಯೇ ಬದಲಾಗಿತ್ತು. ಬೆಳಿಗ್ಗೆ ಧ್ವಜಾರೋಹಣಕ್ಕೂ ಅದೇ ಅಂಗಿ. ಆಮೇಲೆ ಮತ್ತೆ ಕಿತ್ತಳೆ ಬಟ್ಟೆ ತೊಟ್ಟು ಬೆಟ್ಟ ಇಳಿದೆವು. ರೈಲು ಹತ್ತುವ ಮುನ್ನ ಕೊನೆಯ ಸಲ ಬದಲಿಸಿದೆವು.

ನೀವು ಹೊರಡುವುದಾದರೆ ಪೋಷಕರಿಗೆ ಕಳಿಸುವ ಪತ್ರದಲ್ಲೇ ಯಾವ ಹೊತ್ತಿಗೆ ಯಾವ ಬಟ್ಟೆ ಅಂತ ಬರೆದುಬಿಡಿ. ಯೂನಿಫಾರ್ಮ್ ಇನ್ನೂ ಹೊಲಿಸದ ಮಕ್ಕಳಿದ್ದರೆ ಅವರಿಗೆ ದಳದ ಕಡೆಯಿಂದ ಒಂದು ಸ್ಕಾರ್ಫ್ ಕೊಡಿ. ನಮ್ಮಲ್ಲಿ ಅಂಥ ಇಬ್ಬರಿದ್ದರು. ಸ್ಕಾರ್ಫ್ ಕಟ್ಟಿಕೊಂಡು ಧ್ವಜದ ಮುಂದೆ ಎಲ್ಲರ ಜೊತೆ ಅದೇ ಸಾಲಿನಲ್ಲಿ ನಿಂತಿದ್ದರು.