ಹೈಸ್ಕೂಲಿನ ಕಟ್ಟಳೆ, ಹಾಜರಿಯ ಲೆಕ್ಕ

ಏಳನೇತ್ತದವರೆಗೆ, ಅಂದರೆ ಏಳನೇ ತರಗತಿವರೆಗೆ, ಊರ ಸಾಲಿ. ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಬರದಿದ್ದರೆ ಗುರುಗಳು ಇನ್ನೊಬ್ಬ ಹುಡುಗನನ್ನು ಅಟ್ಟಿ ಕರೆಸುತ್ತಾರೆ. ಎಂಟಕ್ಕೆ ಬಂದ ಕೂಡಲೇ ಬಸ್ಸು ಹಿಡಿಯಬೇಕು, ವಿಷಯಕ್ಕೊಬ್ಬರು ಶಿಕ್ಷಕರು, ಮುಕ್ಕಾಲು ತಾಸಿಗೊಂದು ಗಂಟೆ, ಎಲ್ಲದಕ್ಕೂ ಒಂದು ರಜಿಸ್ಟರು. ಹೈಸ್ಕೂಲಿನ ಕಟ್ಟಳೆಗಳನ್ನು ಮಕ್ಕಳು ಕಾಟ ಅಂತಾರೆ, ಪಾಲಕರು ಹೆಡ್‌ಮಾಸ್ತರ ಮರ್ಜಿ ಅಂತಾರೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಲೆಕ್ಕಕ್ಕಾಗಿ ಇರುವಂಥವು. ಆ ಲೆಕ್ಕ ಹತ್ತನೇತ್ತದ ಪರೀಕ್ಷೆ ಹತ್ತಿರ ಬಂದಾಗ ತಟ್ಟನೆ ಎದುರಿಗೆ ಬಂದು ನಿಲ್ಲುತ್ತದೆ.

ಮೊದಲು ಹಾಜರಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕು, ಇದು ಎಲ್ಲರಿಗೂ ಗೊತ್ತು. ಹಾಜರಿ ಎರಡು ಹೊತ್ತಿನದು, ಮುಂಜಾನೆ ಒಮ್ಮೆ, ಊಟದ ನಂತರ ಒಮ್ಮೆ ಎಂಬುದನ್ನು ಮಾತ್ರ ಬಹಳ ಜನ ಮರೆಯುತ್ತಾರೆ. ಲೆಕ್ಕಕ್ಕೆ ವರ್ಷದಲ್ಲಿ 220 ಕೆಲಸದ ದಿನ ಅಂತ ಹಿಡಿಯೋಣ. ಅದರ ಮುಕ್ಕಾಲು ಪಾಲು 165. ಅಂದರೆ 55 ದಿನ ತಪ್ಪಿಸಿದರೂ ನಡೆಯುತ್ತದೆ, ಭಾಳ ಆಯ್ತಲ್ಲ ಅನಿಸುತ್ತದೆ.

ಈಗ ಹಾವೇರಿ ಕಡೆಯ ಒಬ್ಬ ಹುಡುಗನ ವರ್ಷ ನೋಡಿ. ಜೂನಿನಲ್ಲಿ ಬಿತ್ತನೆಗೆ 6 ದಿನ. ಪಂಚಮಿ, ಊರ ಜಾತ್ರೆ, ಎರಡು ಮದುವೆ ಸೇರಿ 10 ದಿನ. ಮಳೆಗಾಲದ ಜ್ವರ 7 ದಿನ. ಡಿಸೆಂಬರ್-ಜನವರಿಯಲ್ಲಿ ಮೆಣಸಿನಕಾಯಿ ಬಿಡಿಸಲು 18 ದಿನ. ಒಟ್ಟು 41. ಇನ್ನೂ 14 ದಿನ ಕೈಯಲ್ಲಿವೆ. ಆದರೆ ಇದೇ ಹುಡುಗ ವಾರಕ್ಕೊಂದು ಮಧ್ಯಾಹ್ನ ಊಟ ಮಾಡಿ ಮನೆ ಹಿಡಿಯುತ್ತಾನೆ. 36 ವಾರಕ್ಕೆ 36 ಅರ್ಧ ದಿನ, ಅಂದರೆ 18 ದಿನ. ಒಟ್ಟು ಗೈರು 59, ಹಾಜರಿ 161, ಶೇಕಡಾ 73. ಅವನನ್ನು ಮುಳುಗಿಸಿದ್ದು ಆ ಮಧ್ಯಾಹ್ನಗಳು. ಮೆಣಸಿನಕಾಯಿಯನ್ನು ಬೈದು ಉಪಯೋಗವಿಲ್ಲ. ಗದಗ ಕಡೆ ಹೆಸರುಕಾಯಿ ಬಿಡಿಸುವುದು ಆಗಸ್ಟಿನಲ್ಲಿ, ಹತ್ತಿ ಬಿಡಿಸುವುದು ದೀಪಾವಳಿ ದಾಟಿದ ಮೇಲೆ. ತಿಂಗಳು ಬೇರೆ, ಲೆಕ್ಕ ಅದೇ. ಹೊಲದ ಕೆಲಸಕ್ಕೆ ಮಕ್ಕಳನ್ನು ನಿಲ್ಲಿಸಿಕೊಳ್ಳಲೇಬಾರದು ಅನ್ನುವುದು ಸರಿಯಾದ ಮಾತು. ಆದರೂ ನಿಲ್ಲಿಸಿಕೊಳ್ಳುವ ಮನೆಗಳು ಕಡೇಪಕ್ಷ ಉಳಿದ ದಿನ ಎರಡೂ ಹೊತ್ತು ಕಳಿಸಬೇಕು. ಹತ್ತನೇತ್ತದವರಿಗೆ ಮೆಣಸಿನಕಾಯಿ ಸುಗ್ಗಿ ಪೂರ್ವಸಿದ್ಧತಾ ಪರೀಕ್ಷೆಯ ಮೈಮೇಲೇ ಬರುತ್ತದೆ. ಆ ವರ್ಷ ಮಾತ್ರ ಬೇಡವೇ ಬೇಡ.

ಹೆಣ್ಣುಮಕ್ಕಳ ಗೈರಿನಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಪಾಲಿದೆ. ಮುಟ್ಟಿನ ದಿನ ಅಂತ ತಿಂಗಳಿಗೆ ಎರಡು ದಿನ ಉಳಿದರೆ ಹತ್ತು ತಿಂಗಳಿಗೆ 20 ದಿನ. ಶಾಲೆಯಲ್ಲಿ 'ಶುಚಿ' ಯೋಜನೆಯ ಪ್ಯಾಡ್ ಇರುತ್ತವೆ. ಟೀಚರ್ ಹತ್ತಿರ ಕೇಳಿದರೆ ಆಯಿತು, ಕಾರಣ ಹೇಳಬೇಕಿಲ್ಲ. ನೀರಿಲ್ಲದ, ಚಿಲಕವಿಲ್ಲದ ಶೌಚಾಲಯವೇ ಗೈರಿಗೆ ಕಾರಣವಾಗಿದ್ದರೆ ಅದನ್ನು ಎಸ್‌ಡಿಎಂಸಿ (ಪಾಲಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ತಾಯಂದಿರೇ ಎತ್ತಬೇಕು. ಗಂಡಸರಷ್ಟೇ ಕೂತ ಸಭೆಯಲ್ಲಿ ಅದು ಕೊನೆಯ ವಿಷಯವಾಗಿ, ಚಹಾ ಬಂದ ಮೇಲೆ ಮರೆತುಹೋಗುತ್ತದೆ.

ತಡವಾಗಿ ಬರುವವರ ಸಂಗತಿ. ಗಂಟೆ ಹೊಡೆದ ಮೇಲೆ ಪ್ರಾರ್ಥನೆ: 2 ನಿಮಿಷ 30 ಸೆಕೆಂಡಿನ ನಾಡಗೀತೆ, 52 ಸೆಕೆಂಡಿನ ರಾಷ್ಟ್ರಗೀತೆ, 2023ರಿಂದ ಸಂವಿಧಾನ ಪೀಠಿಕೆಯ ಓದು, ಜತೆಗೆ ಪತ್ರಿಕೆಯ ಮುಖ್ಯಾಂಶ. ಕಾಲು ತಾಸು ಹಿಡಿಯುತ್ತದೆ. ಹಾಜರಿ ಕೂಗುವುದು ಅದಾದ ಮೇಲೆ, ಮೊದಲ ಪಿರಿಯಡ್ಡಿನಲ್ಲಿ. ಹಾಗಾಗಿ ಹತ್ತು ನಿಮಿಷ ತಡವಾದವನು ಹಾಜರಿ ಕಳೆದುಕೊಳ್ಳುವುದಿಲ್ಲ. ಹೆದರಿ ಗೇಟಿನಿಂದಲೇ ಹಿಂದಿರುಗಿದವನು ಕಳೆದುಕೊಳ್ಳುತ್ತಾನೆ. ನಾಡಗೀತೆ ನಡೆದಿದ್ದರೆ ಇದ್ದಲ್ಲೇ ನಿಲ್ಲಬೇಕು, ಸಾಲಿನ ಹಿಂದೆ ನುಸುಳಬಾರದು. ಮುಗಿದ ಮೇಲೆ ಪಿ.ಟಿ. ಸರ್ ಹತ್ತಿರ ಹೋಗಿ "ಬಸ್ ತಡಾ ಆತ್ರೀ ಸರ್" ಎಂದು ನಿಜ ಹೇಳಿದರೆ ಬೈಗುಳ ಒಂದು ಸಾಲಿಗೆ ಮುಗಿಯುತ್ತದೆ.

ಬಸ್ಸೇ ದಿನಾ ತಡವಾಗಿ ಬರುತ್ತಿದ್ದರೆ ಹುಡುಗನನ್ನು ಬೈದು ಏನೂ ಆಗದು. ಯಾವ ಊರು, ಎಷ್ಟು ಮಕ್ಕಳು, ಬಸ್ಸು ಈಗ ಎಷ್ಟಕ್ಕೆ ಬರುತ್ತದೆ, ಎಷ್ಟಕ್ಕೆ ಬಂದರೆ ಸರಿಹೋಗುತ್ತದೆ: ಈ ನಾಲ್ಕನ್ನು ಒಂದೇ ಹಾಳೆಯಲ್ಲಿ ಬರೆದು, ಮುಖ್ಯೋಪಾಧ್ಯಾಯರ ಸಹಿ-ಶಿಕ್ಕೆ ಹಾಕಿಸಿ, ವಾಯವ್ಯ ಸಾರಿಗೆಯ (ನಮ್ಮ ಕಡೆಯ ಸರ್ಕಾರಿ ಬಸ್ ಸಂಸ್ಥೆ) ಡಿಪೋ ಮ್ಯಾನೇಜರಿಗೆ ಕೊಡಬೇಕು, ಸ್ವೀಕೃತಿ ಪಡೆಯಬೇಕು. "ಬಸ್ಸು ಸರಿಯಾಗಿ ಬರಂಗಿಲ್ಲ" ಎಂದಷ್ಟೇ ಬರೆದ ಅರ್ಜಿಗೆ ಉತ್ತರ ಬರುವುದೂ ಕಷ್ಟ. ಹುಡುಗರು ಪಾಸ್ ಮಾಡಿಸಿಕೊಳ್ಳಬೇಕು. ಹುಡುಗಿಯರಿಗೆ 2023ರ ಜೂನ್ 11ರಿಂದ ಉಚಿತ ಪ್ರಯಾಣದ ಶಕ್ತಿ ಯೋಜನೆ ಇದೆ, ಆಧಾರ್ ಜತೆಗಿರಲಿ.

ರಜೆ ಚೀಟಿ. ಚೀಟಿ ಕೊಟ್ಟ ಮಾತ್ರಕ್ಕೆ ಗೈರು ಹೋಗಿ ಹಾಜರಿ ಆಗುವುದಿಲ್ಲ. ಮಗು ಎಲ್ಲಿತ್ತು, ಮನೆಯವರಿಗೆ ಗೊತ್ತಿತ್ತೇ ಎಂಬುದಕ್ಕೆ ಅದು ದಾಖಲೆ, ಅಷ್ಟೇ. ಬರೆಯುವುದು ಐದು ನಿಮಿಷದ ಕೆಲಸ:

"ಗೆ, ವರ್ಗ ಶಿಕ್ಷಕರು, 8ನೇ ತರಗತಿ 'ಬ' ವಿಭಾಗ. ಮಾನ್ಯರೇ, ನನಗೆ ಜ್ವರ ಬಂದಿರುವುದರಿಂದ 14ರಿಂದ 16ನೇ ತಾರೀಖಿನವರೆಗೆ ಮೂರು ದಿನ ರಜೆ ಕೊಡಬೇಕೆಂದು ವಿನಂತಿ. ತಮ್ಮ ವಿಧೇಯ ವಿದ್ಯಾರ್ಥಿ." ಕೆಳಗೆ ಹೆಸರು, ಹಾಜರಿ ಸಂಖ್ಯೆ, ಬಲಕ್ಕೆ ಪಾಲಕರ ಸಹಿ, ಫೋನ್ ನಂಬರು.

ತಪ್ಪುವುದು ಎರಡೇ ಕಡೆ. ಎಲ್ಲಿಂದ ಎಲ್ಲಿವರೆಗೆ ಎಂಬ ತಾರೀಖು ಇರುವುದಿಲ್ಲ, ಇಲ್ಲವೇ ಅಪ್ಪನ ಸಹಿಯನ್ನು ಮಗನೇ ಗೀಚಿರುತ್ತಾನೆ. ಎರಡನೆಯದನ್ನು ವರ್ಗ ಶಿಕ್ಷಕರು ನೋಡಿದ ಕೂಡಲೇ ಹಿಡಿಯುತ್ತಾರೆ, ಯಾಕೆಂದರೆ ದಾಖಲಾತಿ ಅರ್ಜಿಯ ಮೇಲೆ ನಿಜವಾದ ಸಹಿ ಇದೆ. ಸಹಿ ಬಾರದ ತಾಯಿ ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ, ನಾಚಿಕೆ ಬೇಡ.

ನೋಟ್‌ಬುಕ್ಕಿನ ಮೇಲೆ ಶಿಕ್ಷಕರು ಯಾಕೆ ಅಷ್ಟು ಹಟ ಹಿಡಿಯುತ್ತಾರೆ? ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಕ್ಕೆ ತಲಾ 20, ಒಟ್ಟು 125 ಅಂಕ ಆಂತರಿಕ ಮೌಲ್ಯಮಾಪನದ್ದು. ಐದರಲ್ಲೊಂದು ಪಾಲು ಪರೀಕ್ಷಾ ಕೊಠಡಿಗೆ ಕಾಲಿಡುವ ಮೊದಲೇ ತೀರ್ಮಾನವಾಗಿರುತ್ತದೆ. ಕಿರು ಪರೀಕ್ಷೆ, ಚಟುವಟಿಕೆ, ಯೋಜನೆ ಇವೆಲ್ಲದಕ್ಕೂ ಕಾಗದದ ಪುರಾವೆ ಬೇಕು. ಖಾಕಿ ಕವರಿನ ಮೇಲೆ ಹೆಸರು, ತರಗತಿ, ವಿಷಯ, ಒಳಗೆ ಪರಿವಿಡಿಗೆ ಎರಡು ಪುಟ, ಪ್ರತಿ ದಿನದ ಬರಹದ ಮೇಲೆ ತಾರೀಖು, ಪಾಠದ ಹೆಸರು, ಎಡಕ್ಕೆ ಅಂಚು. ಗಣಿತಕ್ಕೆ ವರ್ಗಪಾಠದ್ದೊಂದು, ಮನೆಪಾಠದ್ದೊಂದು. ಗೈರಾದ ದಿನದ ಪಾಠಕ್ಕೆ ಎರಡು ಪುಟ ಖಾಲಿ ಬಿಟ್ಟು ಮುಂದೆ ಬರೆಯಿರಿ, ಗೆಳೆಯನ ಪುಸ್ತಕ ಸಿಕ್ಕಾಗ ತುಂಬಿರಿ. ಹಾಗೆ ಬಿಡದವರ ಪುಸ್ತಕದಲ್ಲಿ ಮೂರನೇ ಪಾಠ ಐದನೆಯದರ ನಂತರ ಬಂದಿರುತ್ತದೆ. ಮಾರ್ಚಿನಲ್ಲಿ ಓದುವಾಗ ಹುಡುಕಿ ಹುಡುಕಿ ಸಾಕಾಗುತ್ತದೆ.

ಪಾಟಿಚೀಲ ಭಾರ ಅನ್ನುವ ದೂರು ಪ್ರತಿ ಮನೆಯದು. ಸರ್ಕಾರದ 2019ರ ಆದೇಶದಂತೆ 9 ಮತ್ತು 10ಕ್ಕೆ 4ರಿಂದ 5 ಕಿಲೋ, 8ಕ್ಕೆ 3ರಿಂದ 4 ಕಿಲೋ ಮಿತಿ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ. ಮಿತಿ ಮೀರಿದ್ದರೆ ಕಾರಣ ಬಹುತೇಕ ಒಂದೇ, ವೇಳಾಪಟ್ಟಿ ನೋಡದೆ ಎಲ್ಲ ಪುಸ್ತಕ ಹೊತ್ತು ತರುವುದು. ಪಠ್ಯಪುಸ್ತಕವನ್ನು ಭಾಗ 1, ಭಾಗ 2 ಎಂದು ಒಡೆದದ್ದೇ ಇದಕ್ಕೆ. ಎರಡನ್ನೂ ಹೊತ್ತರೆ ಒಡೆದು ಏನು ಬಂತು?

ಸಮವಸ್ತ್ರದ್ದು ಚಿಕ್ಕ ವಿಷಯ, ಆದರೆ ಮಳೆಗಾಲದಲ್ಲಿ ಜಗಳ ಅಲ್ಲೇ. ನವಲಗುಂದ, ರೋಣದ ಎರೆ ಮಣ್ಣು ಮೆತ್ತಿದರೆ ಹಸಿಯಲ್ಲಿ ತಿಕ್ಕಬೇಡಿ. ಒಣಗಲು ಬಿಟ್ಟು, ಕೊಡವಿ, ತಣ್ಣೀರಲ್ಲಿ ನೆನೆಸಿ. ಧಾರವಾಡದ ಕೆಂಪು ಮಣ್ಣಿನ ಕಲೆಗೆ ಬ್ಲೀಚಿಂಗ್ ಪುಡಿ ಹಾಕಲೇಬಾರದು. ಆ ಮಣ್ಣಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಲಿಂಬೆಹಣ್ಣು, ಉಪ್ಪು ಹಚ್ಚಿ ಅರ್ಧ ತಾಸು ಬಿಟ್ಟು ತೊಳೆಯಿರಿ. ಒಂದು ಜೊತೆ ಒಣಗದಿದ್ದರೆ ಬಣ್ಣದ ಅಂಗಿಯಲ್ಲಾದರೂ ಕಳಿಸಿ, ಜತೆಗೊಂದು ಚೀಟಿ ಇರಲಿ. ಅಂಗಿಯ ಕಾರಣಕ್ಕೆ ಒಂದು ದಿನದ ಹಾಜರಿ ಕಳೆಯುವುದು ಶುದ್ಧ ನಷ್ಟ.

ಮೊಬೈಲು ತರಬಾರದು, ಮುಗಿಯಿತು. ಸಿಕ್ಕರೆ ಪಾಲಕರು ಬಂದೇ ಬಿಡಿಸಿಕೊಳ್ಳಬೇಕಾಗುತ್ತದೆ. ಅಪ್ಪನ ಒಂದು ದಿನದ ಕೂಲಿ ಹೋಯಿತು.

ಕಟ್ಟಳೆ ಶಿಕ್ಷಕರಿಗೂ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸು ನೋಯುವಂತೆ ಹಿಂಸಿಸುವುದನ್ನೂ ನಿಷೇಧಿಸಿದೆ. ಮಕ್ಕಳಿಂದ ಶೌಚಾಲಯ ತೊಳೆಸುವಂತಿಲ್ಲ. "ನಾಲ್ಕು ಬಾರಿಸ್ರಿ ಸರ್, ನಾವೇನೂ ಅನ್ನಂಗಿಲ್ಲ" ಎಂದು ಪಾಲಕರೇ ಅಪ್ಪಣೆ ಕೊಡುವುದು ನಮ್ಮ ಕಡೆಯ ಹಳೇ ಚಾಳಿ, ಅದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ದೂರಿದ್ದರೆ ಮೊದಲು ಮುಖ್ಯೋಪಾಧ್ಯಾಯರು, ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. ತಡೆಯಲಾಗದ ಸ್ಥಿತಿಯಿದ್ದರೆ ಮಕ್ಕಳ ಸಹಾಯವಾಣಿ 1098.

ಎಂಟಕ್ಕೆ ಸೇರಿಸುವ ದಿನವೇ ನೋಡಬೇಕಾದದ್ದು ಹೆಸರು. ನಮ್ಮಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ, ಯಾವುದು ಮುಂದೆ ಯಾವುದು ಹಿಂದೆ ಎನ್ನುವುದು ಆಧಾರಿನಲ್ಲೊಂದು, ಟಿ.ಸಿ.ಯಲ್ಲೊಂದು (ಹಳೇ ಶಾಲೆಯ ವರ್ಗಾವಣೆ ಪತ್ರ). ಮಲ್ಲಿಕಾರ್ಜುನ ಎಂಬುದರ ಇಂಗ್ಲಿಷ್ ಬರಹದ ಕೊನೆಗೆ 'ಎ' ಇದೆಯೋ ಇಲ್ಲವೋ ಎಂಬಲ್ಲಿಂದ ತಕರಾರು ಶುರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮುಂದೆ ಜನ್ಮದಿನಾಂಕಕ್ಕೂ ಪುರಾವೆ ಆಗುವುದರಿಂದ, ಅದರಲ್ಲಿ ಅಚ್ಚಾದ ಮೇಲೆ ತಿದ್ದಿಸುವುದು ತಿಂಗಳುಗಟ್ಟಲೆ ಓಡಾಟ. ಟಿ.ಸಿ., ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ಹತ್ತನೇತ್ತದಲ್ಲಿ ಪರೀಕ್ಷೆಗೆ ಹೆಸರು ನೋಂದಾಯಿಸುವ ಮುನ್ನ ಶಾಲೆಯವರು ಕರಡು ಪಟ್ಟಿ ತೋರಿಸಿ ಸಹಿ ಕೇಳುತ್ತಾರೆ; ಆಗ ಕನ್ನಡಕ ಹಾಕಿಕೊಂಡು ಹೋಗಿ, ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ, ಆಮೇಲೆ ಸಹಿ ಮಾಡಿ.